ಪ್ಲೇ ಹೋಮ್ ಬಾಗಿಲು ತೆರೆಯುವ ಮುಂಚೆ

ಚಿತ್ರದುರ್ಗ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷದ ಮಕ್ಕಳಿಗೆ ಪ್ಲೇ ಹೋಮ್ ಶುರು ಮಾಡುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ನೀನು ಕಳಿಸಿದ ಟೈಮ್ ಟೇಬಲ್ಲೂ ನೋಡಿದೆ. ಒಂಬತ್ತೂವರೆಗೆ ಪ್ರಾರ್ಥನೆ, ಹತ್ತಕ್ಕೆ ರೈಮ್ಸ್, ಆಮೇಲೆ ಅಕ್ಷರ, ಆಮೇಲೆ ಅಂಕಿ. ಬರವಣಿಗೆ ಚೆನ್ನಾಗಿದೆ. ಆದರೆ ಆ ವಯಸ್ಸಿಗೆ ಇದು ಯಾವುದೂ ಬೇಡ ಕಣೇ.

ಅಂಗನವಾಡಿ ಯೋಜನೆ 1975ರಲ್ಲಿ ಶುರುವಾಯಿತು. ಅದರಲ್ಲೂ ಶಾಲಾಪೂರ್ವ ಶಿಕ್ಷಣ ಇರುವುದು ಮೂರರಿಂದ ಆರು ವರ್ಷದವರಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲಿಕೆಯ ಮೊದಲ ಹಂತವನ್ನು ಮೂರು ವರ್ಷದಿಂದಲೇ ಎಣಿಸುತ್ತದೆ. ನಿನ್ನ ಹತ್ತಿರ ಬರುವವರು ಅದಕ್ಕಿಂತ ಚಿಕ್ಕವರು. ಕಾಲೇಜುಗಳ ಊರು ನಿಮ್ಮದು, ಅಪ್ಪ ಅಮ್ಮಂದಿರು ತಿಂಗಳೊಳಗೆ 'ಎ ಬಿ ಸಿ ಡಿ ಯಾವಾಗ ಮಿಸ್?' ಅಂತ ಕೇಳಿಯೇ ಕೇಳುತ್ತಾರೆ. ಸೇರಿಸಿಕೊಳ್ಳುವ ದಿನವೇ 'ಇಲ್ಲಿ ಬರೆಸುವುದಿಲ್ಲ' ಅಂತ ಹೇಳಿಬಿಡು. ಒಂದಿಬ್ಬರು ಬೇರೆ ಕಡೆ ಹೋದರೆ ಹೋಗಲಿ.

ಈ ಮಕ್ಕಳಿಗೆ ಎರಡು ಕೆಲಸ ಬರುವುದಿಲ್ಲ. ಕಾಯುವುದು ಒಂದು, ಹಂಚಿಕೊಳ್ಳುವುದು ಇನ್ನೊಂದು. ಅಂಗನವಾಡಿಯಲ್ಲಿ ದುಡಿದವಳಾಗಿ ಹೇಳುತ್ತೇನೆ, ಕೋಣೆಯಲ್ಲಿ ಆಗುವ ರಂಪಕ್ಕೆಲ್ಲ ಹೆಚ್ಚಿನ ಪಾಲು ಕಾರಣ ದೊಡ್ಡವರು ಇವೆರಡನ್ನು ಅವರಿಂದ ಬಯಸುವುದು. ಹತ್ತು ಮಕ್ಕಳನ್ನು ಕೈ ತೊಳೆಯಲು ಸಾಲಾಗಿ ನಿಲ್ಲಿಸು, ನೋಡು. ಮೂರನೆಯವನು ಮುಂದಿನವನನ್ನು ದೂಡುತ್ತಾನೆ, ಕೊನೆಯವಳು ಅಲ್ಲೇ ಕೂತು ಅಳುತ್ತಾಳೆ. ಅದರ ಬದಲು ಇಬ್ಬಿಬ್ಬರನ್ನೇ ಕರೆ. ಉಳಿದವರು ಆಡುತ್ತಿರಲಿ. ತಟ್ಟೆಗೆ ಬಡಿಸಿ, ಆರಿಸಿ ಇಟ್ಟ ಮೇಲೆ ಮಕ್ಕಳನ್ನು ಕೂರಿಸು. ಕೂರಿಸಿದ ಮೇಲೆ ಬಡಿಸಬೇಡ.

ಆಟದ ಸಾಮಾನೂ ಹಾಗೆಯೇ. ಹತ್ತು ತರಹದ್ದು ಒಂದೊಂದು ತರಬೇಡ. ಒಂದೇ ತರಹದ ಲಾರಿ ನಾಲ್ಕು, ಒಂದೇ ಬಣ್ಣದ ಬಕೆಟ್ಟು ನಾಲ್ಕು ತಾ. ಈ ವಯಸ್ಸಿನವರು ಒಬ್ಬರ ಪಕ್ಕ ಒಬ್ಬರು ಕೂತು ಆಡುತ್ತಾರೆ, ಕೂಡಿ ಆಡುವುದು ಇನ್ನೂ ಕಡಿಮೆ. 'ಶೇರ್ ಮಾಡು' ಅಂತ ಕೈಯಿಂದ ಕಿತ್ತು ಇನ್ನೊಬ್ಬನಿಗೆ ಕೊಟ್ಟರೆ, ದೊಡ್ಡವರು ಕಿತ್ತುಕೊಳ್ಳಬಹುದು ಅನ್ನುವುದಷ್ಟೇ ಮಗುವಿಗೆ ತಿಳಿಯುವುದು. ದುಬಾರಿ ಪ್ಲಾಸ್ಟಿಕ್ಕೂ ಬೇಡ. ಸ್ಟೀಲ್ ಡಬ್ಬಿ, ರಟ್ಟಿನ ಪೆಟ್ಟಿಗೆ, ಮರಳು, ಸೌಟು ಸಾಕು.

ಕಚ್ಚುವುದು ಖಂಡಿತ ಬರುತ್ತದೆ. ಹೆದರಬೇಡ, ಆ ಮಗುವನ್ನು ಕೆಟ್ಟದು ಅನ್ನಬೇಡ. ಹೇಳಲು ಮಾತಿಲ್ಲದಾಗ ಹಲ್ಲು ಮಾತಾಡುತ್ತದೆ. ಮೊದಲು ಕಚ್ಚಿಸಿಕೊಂಡವನನ್ನು ಎತ್ತಿಕೋ. ಕಚ್ಚಿದವನಿಗೆ 'ಕಚ್ಚಬಾರದು, ನೋವಾಗುತ್ತೆ' ಅಂದರೆ ಸಾಕು, ಭಾಷಣ ಬೇಡ. ಸಂಜೆ ಎರಡೂ ಮನೆಯವರಿಗೆ ನೀನೇ ಹೇಳು, ಆದರೆ ಕಚ್ಚಿದ್ದು ಯಾರು ಅಂತ ಇನ್ನೊಂದು ಮನೆಗೆ ಹೇಳಬೇಡ. ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಯಾವ ಹೊತ್ತಿಗೆ, ಯಾವ ಮೂಲೆಯಲ್ಲಿ ಆಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಸಾಮಾನ್ಯವಾಗಿ ಊಟಕ್ಕೆ ಮುಂಚೆ, ಇಲ್ಲ ನಿದ್ದೆ ಹೊತ್ತಿಗೆ ಆಗಿರುತ್ತದೆ. ಹಾಗಿದ್ದರೆ ಊಟವನ್ನೇ ಕಾಲು ಗಂಟೆ ಬೇಗ ಕೊಡು. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ಆದ್ದರಿಂದ ಮಧ್ಯಾಹ್ನದ ನಿದ್ದೆ ತಪ್ಪಿಸಬೇಡ.

ಜೂನ್ ಒಂದಕ್ಕೆ ಎಲ್ಲರನ್ನೂ ಒಟ್ಟಿಗೆ ಸೇರಿಸಬೇಡ. ವಾರಕ್ಕೆ ಮೂರ್ನಾಲ್ಕು ಮಕ್ಕಳು ಬರಲಿ. ಮೊದಲ ಕೆಲವು ದಿನ ಅಮ್ಮನೋ ಅಜ್ಜಿಯೋ ಒಳಗೇ ಕೂರಲಿ. ಹೊರಡುವಾಗ ಕಣ್ಣು ತಪ್ಪಿಸಿ ಹೋಗಬಾರದು. 'ಊಟ ಆದ ಮೇಲೆ ಬರ್ತೀನಿ' ಅಂತ ಹೇಳಿ, ಮಗು ಅತ್ತರೂ ಹೊರಡಬೇಕು, ಹೇಳಿದ ಹೊತ್ತಿಗೆ ಬರಬೇಕು. ಕದ್ದು ಹೋದ ಅಮ್ಮನನ್ನು ಮಗು ಆಮೇಲೆ ಮನೆಯಲ್ಲೂ ಬಿಡುವುದಿಲ್ಲ.

ನಿಮ್ಮೂರಿನಲ್ಲಿ ಕನ್ನಡದ ಮನೆ, ಉರ್ದು ಮನೆ, ಲಂಬಾಣಿ ಮನೆ ಎಲ್ಲ ಇವೆ. ನೀರು, ನೋವು, ಉಚ್ಚೆ, ಅಮ್ಮ, ಇವಕ್ಕೆ ಪ್ರತಿ ಮಗುವಿನ ಮನೆಯಲ್ಲಿ ಏನನ್ನುತ್ತಾರೆ ಅಂತ ಕೇಳಿ ಬರೆದುಕೋ. 'ಪಾನಿ' ಅಂದ ಮಗುವಿಗೆ ಮೊದಲು ನೀರು ಕೊಡು. 'ವಾಟರ್ ಅನ್ನು' ಅಂತ ತಡೆದು ನಿಲ್ಲಿಸಬೇಡ.

ಇನ್ನು ನನಗೆ ನಿಜವಾಗಿ ಭಯ ಇರುವ ವಿಷಯಕ್ಕೆ ಬರುತ್ತೇನೆ. ನಿನ್ನ ಬಾಡಿಗೆ ಮನೆಯಲ್ಲಿ ಸಂಪು ಇದೆಯಂತೆ. ಮಕ್ಕಳು ಬರುವ ಮುಂಚೆ ಅದಕ್ಕೆ ಕಬ್ಬಿಣದ ಮುಚ್ಚಳ, ಬೀಗ ಆಗಲೇಬೇಕು. ಬೇಸಿಗೆಯಲ್ಲಿ ನೀರು ಬಂದ ದಿನ ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಡುತ್ತೇವೆ, ಅಲ್ವಾ? ಬಕೆಟ್ಟಿನ ಅರ್ಧ ನೀರಿನಲ್ಲೂ ಇಷ್ಟು ಚಿಕ್ಕ ಮಗು ತಲೆಕೆಳಗಾಗಿ ಬಿದ್ದರೆ ಏಳಲಾರದು, ಸದ್ದೂ ಆಗುವುದಿಲ್ಲ. ತುಂಬಿದ ಬಕೆಟ್ಟು ಮಕ್ಕಳಿರುವ ಕಡೆ ಬೇಡ.

ಎರಡನೆಯದು ಗಂಟಲು. ನಮ್ಮ ಚಳ್ಳಕೆರೆ ಸೀಮೆಯ ಶೇಂಗಾ ಎಷ್ಟೇ ರುಚಿಯಿರಲಿ, ಇಡೀ ಕಾಳು ಒಳಗೆ ಬರಬಾರದು. ಮಂಡಕ್ಕಿ ಒಗ್ಗರಣೆಯಲ್ಲೂ ಶೇಂಗಾ, ಹುರಿಗಡಲೆ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳು. ಹುಟ್ಟುಹಬ್ಬಕ್ಕೆ ಬರುವ ಗಟ್ಟಿ ಚಾಕಲೇಟು, ಬಲೂನು, ಆಟಿಕೆಯ ಗುಂಡು ಬ್ಯಾಟರಿ ಇವನ್ನೂ ತಡಿ. ಏನಾದರೂ ಸಿಕ್ಕಿಕೊಂಡು ಮಗುವಿಗೆ ಕೆಮ್ಮಲೂ ಆಗದಿದ್ದರೆ, ಬಗ್ಗಿಸಿ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಭುಜದ ಮೂಳೆಗಳ ನಡುವೆ ಐದು ಸಲ ಗಟ್ಟಿಯಾಗಿ ತಟ್ಟಬೇಕು. ಹೋಗದಿದ್ದರೆ ಹಿಂದಿನಿಂದ ಅಪ್ಪಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಬೇಕು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಕಾಣದ್ದನ್ನು ಬೆರಳು ಹಾಕಿ ಹುಡುಕಬಾರದು, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಕಲಿಯಲಾಗದು. ಮಕ್ಕಳ ಡಾಕ್ಟರ ಹತ್ತಿರ ನೀನೂ ಆಯಾಗಳೂ ಒಟ್ಟಿಗೆ ಹೋಗಿ ಮಾಡಿಸಿಕೊಂಡು ಬನ್ನಿ.

ಡೈಪರ್ ಬಿಡಿಸುವ ಆತುರ ಬೇಡ, ಕೆಲವರು ಮೂರು ವರ್ಷದವರೆಗೂ ತಗೊಳ್ಳುತ್ತಾರೆ. ಬದಲಿಸುವ ಜಾಗ ಇನ್ನೊಬ್ಬ ದೊಡ್ಡವರ ಕಣ್ಣಿಗೆ ಬೀಳುವಂತಿರಲಿ.

ಕೊನೆಗೆ ಆಯಾ ವಿಚಾರ. ಐದಾರು ಮಕ್ಕಳಿಗೆ ಒಬ್ಬರು ಬೇಕು. ಗೋಡೆಯ ಚಿತ್ರಕ್ಕೆ, ಬೋರ್ಡಿಗೆ ಇಟ್ಟ ದುಡ್ಡಿನಲ್ಲಿ ಅರ್ಧ ಅವರ ಸಂಬಳಕ್ಕೆ ಹಾಕು. ಆಗಾಗ ಮುಖ ಬದಲಾದರೆ ಮಕ್ಕಳು ಮತ್ತೆ ಮೊದಲಿನಿಂದ ಅಳಲು ಶುರು ಮಾಡುತ್ತಾರೆ. ನಿನ್ನ ಲೆಕ್ಕದ ಚೀಟಿಯಲ್ಲಿ ಒಬ್ಬಳೇ ಆಯಾ ಇದ್ದಾಳೆ. ಇನ್ನೊಬ್ಬಳು ಸಿಗುವ ತನಕ ಆರು ಮಕ್ಕಳಿಗಿಂತ ಜಾಸ್ತಿ ಸೇರಿಸಿಕೊಳ್ಳಬೇಡ.

ಇಂತಿ,
ನಿನ್ನ ದೊಡ್ಡಮ್ಮ