ಅಪ್ಪನ ಕೈ ಅದುರಿದ ವಿಷಯ

ಲೀಡ್ಸ್, ಇಂಗ್ಲೆಂಡ್
ಭಾನುವಾರ

ಅಮ್ಮಾ,

ನಾವೆಲ್ಲ ಇಲ್ಲಿ ಆರಾಮ. ನಿನ್ನ ಪತ್ರದ ಫೋಟೊ ಸುಧಿ ವಾಟ್ಸಾಪ್‌ನಲ್ಲಿ ಕಳಿಸಿದ. ಕೊಬ್ಬರಿ ರೇಟು, ಗಿರಿಜತ್ತೆ ಮನೆ ಗೃಹಪ್ರವೇಶ ಎಲ್ಲ ಆಮೇಲೆ ಮಾತಾಡೋಣ.

ಅಪ್ಪನಿಗೆ ಮೊದಲು ಬಲಗೈ ಹೆಬ್ಬೆರಳು ಅದುರಿತು, ಆಮೇಲೆ ಇಡೀ ಕೈ, ಆಮೇಲೆ ಬಾಯಿ ಒಂದು ಕಡೆ ಎಳೆಯಿತು, ಎರಡು ನಿಮಿಷ ಮಾತಿಲ್ಲ, ಸಂಜೆವರೆಗೂ ಆ ಕೈಯಲ್ಲಿ ಕಾಫಿ ಲೋಟ ನಿಲ್ಲಲಿಲ್ಲ ಅಂತ ಬರೆದಿದ್ದೀಯ. ಇಷ್ಟನ್ನೇ ಡಾಕ್ಟರಿಗೆ ಓದಿ ಹೇಳಿದರೆ ಸಾಕು, ಅರ್ಧ ಕೆಲಸ ಆಯಿತು. ಇದು ಗಾಳಿ ಸೋಕಿದ್ದಲ್ಲ, ನಿಶ್ಶಕ್ತಿಯೂ ಅಲ್ಲ. ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ ಮನೆಗೆ ಕಳಿಸಿದರಂತಲ್ಲ, ನೆನೆಸಿಕೊಂಡರೆ ಮೈ ಉರಿಯುತ್ತದೆ.

2021ರಲ್ಲಿ ತಲೆಯಲ್ಲಿ ರಕ್ತಸ್ರಾವ ಆಯಿತಲ್ಲ, ಆ ರಕ್ತ ಕರಗಿಹೋದರೂ ಮಿದುಳಿನಲ್ಲಿ ಗಾಯದ ಕಲೆ ಉಳಿದಿರುತ್ತದೆ. ಅಲ್ಲಿಂದ ಎಷ್ಟೋ ವರ್ಷ ಆದಮೇಲೂ ಫಿಟ್ಸ್ ಶುರುವಾಗಬಹುದು. ನಮ್ಮ ವಾರ್ಡಿಗೆ ಇಂಥವರು ಬರುತ್ತಲೇ ಇರುತ್ತಾರೆ. ಫಿಟ್ಸ್ ನಿಂತಮೇಲೂ ಕೈ ಸ್ವಲ್ಪ ಹೊತ್ತು ಸೋತುಹೋಗಿರುತ್ತದೆ, ಅದನ್ನ ನೋಡಿ ಎಲ್ಲರೂ ಮತ್ತೆ ಲಕ್ವಾ ಹೊಡೆಯಿತು ಅಂದುಕೊಳ್ಳುತ್ತಾರೆ. ಆದರೆ ಫಿಟ್ಸೋ, ಮತ್ತೆ ರಕ್ತ ಸೋರಿದ್ದೋ ಅಂತ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಸ್ಕ್ಯಾನ್ ಆಗಲೇಬೇಕು.

ಬಸವರಾಜಣ್ಣ ಕೊಟ್ಟ ಆಸ್ಪಿರಿನ್ ಮಾತ್ರೆ ಇವತ್ತೇ ಎತ್ತಿಡು. ಅವರ ಮನಸ್ಸು ಒಳ್ಳೆಯದೇ, ಆದರೆ ರಕ್ತ ಸೋರಿದ ತಲೆಗೆ ಡಾಕ್ಟರು ಹೇಳದೆ ಅದನ್ನ ಕೊಡಬಾರದು. ಬಿಪಿ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡ. ಬಲಗಾಲು ಉರಿ ಅಂತ ರಾತ್ರಿಯೆಲ್ಲ ಎಣ್ಣೆ ತಿಕ್ಕಿಸಿಕೊಳ್ಳುತ್ತಾರಂತಲ್ಲ, ಅದನ್ನೂ ಡಾಕ್ಟರಿಗೆ ಹೇಳಿ. ಅದೂ ಆ ಹಳೇ ಗಾಯದ್ದೇ ಇರಬಹುದು, ಕಾಲಿನದ್ದಲ್ಲ. ಅದಕ್ಕೆ ಬೇರೆ ಮಾತ್ರೆ ಇದೆ.

ಮತ್ತೆ ಹಾಗೆ ಆದರೆ ಕೈಗೆ ಬೀಗದ ಕೈ ಕೊಡಬೇಡ, ಬಾಯಿಗೆ ಚಮಚ ಇಡಬೇಡ, ನೀರು ಕುಡಿಸಬೇಡ. ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡು. ಸುಧಿ ಮೊಬೈಲಿನಲ್ಲಿ ವಿಡಿಯೋ ಮಾಡಲಿ, ಅಪ್ಪ ಬೈದರೂ ಪರವಾಗಿಲ್ಲ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಜೋರು ತಲೆನೋವು, ವಾಂತಿ ಇದ್ದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಗಡಿಯಾರ ನೋಡುತ್ತ ಕೂರಬೇಡಿ, ತಕ್ಷಣ ಫೋನ್ ಮಾಡಿ.

ರೂಪಾಳ ಮದುವೆ ಮಾತು ಮುಗಿಯಲಿ, ಅಲ್ಲಿವರೆಗೆ ಫಿಟ್ಸ್ ಅಂತ ಯಾರಿಗೂ ಗೊತ್ತಾಗಬಾರದು ಅಂತ ಬರೆದಿದ್ದೀಯ. ಅಮ್ಮಾ, ಇದು ಗಾಯದಿಂದ ಬಂದದ್ದು, ರೂಪಾಗೆ ಇದರಿಂದ ಏನೂ ಬರುವುದಿಲ್ಲ. ಇಷ್ಟಕ್ಕೆ ಬೇಡ ಅನ್ನುವ ಸಂಬಂಧ ಹೋದರೆ ಹೋಗಲಿ ಬಿಡು. ಗಂಡಿನ ಕಡೆಯವರು ಬಂದು ಹೋಗಲಿ ಅಂತ ಕಾಯಬೇಡಿ. ಈ ವಾರವೇ ಸುಧಿ ರೈಲಿನಲ್ಲಿ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲಿ. ಹಳೇ ಸಿಟಿ ಫಿಲಂ, ಡಿಸ್ಚಾರ್ಜ್ ಚೀಟಿ ಬೀರುವಿನ ಮೇಲೆ ಹಳದಿ ಚೀಲದಲ್ಲಿವೆ. ದುಡ್ಡು ನಾಳೆ ಹಾಕುತ್ತೇನೆ, ಲೆಕ್ಕ ನೋಡಬೇಡಿ.

ಟಿವಿಎಸ್ ಕೀ ಬಚ್ಚಿಡು. ತೋಟದ ಬಾವಿ ಹತ್ತಿರ ಒಬ್ಬರನ್ನೇ ಬಿಡಬೇಡ. ಅಪ್ಪ ಕೂಗಾಡಿದರೆ ಇಲ್ಲಿಯ ಕಥೆ ಹೇಳು: ಇಲ್ಲಿ ಫಿಟ್ಸ್ ಬಂದರೆ ಸಾಮಾನ್ಯವಾಗಿ 1 ವರ್ಷ ಕಾರು ಮುಟ್ಟುವ ಹಾಗಿಲ್ಲ, ಸರ್ಕಾರಕ್ಕೆ ನಾವೇ ತಿಳಿಸಬೇಕು! ಅಜ್ಜಂದಿರು ಕಾಯಿಲೆಗೆ ಅಳುವುದಿಲ್ಲ, ಲೈಸೆನ್ಸಿಗೆ ಅಳುತ್ತಾರೆ. ಆದರೆ ಫಿಟ್ಸಿಗೆ ದಿನಾ ಮಾತ್ರೆ ತಿನ್ನುವವರಿಗೆ ಇಲ್ಲಿ ಎಲ್ಲ ಔಷಧಿಯೂ ಫ್ರೀ, ಅದೊಂದು ಒಪ್ಪಲೇಬೇಕು. ಡಾಕ್ಟರನ್ನ ನೋಡೋಕೆ ಬೆಳಗ್ಗೆ 8 ಗಂಟೆಗೆ ಫೋನ್ ಹಿಡಿದು ಕ್ಯೂನಲ್ಲಿ ಕೂರಬೇಕು, ಅದು ಬೇರೆ ಮಾತು.

ಮಾತ್ರೆ ಶುರುವಾದ ಮೇಲೆ ಸಿಟ್ಟು ಜಾಸ್ತಿ ಆದರೆ ಹೆದರಬೇಡ. ಕೆಲವು ಮಾತ್ರೆಗೆ ಹಾಗೆ ಆಗುತ್ತದೆ, ಹೇಳಿದರೆ ಬದಲಾಯಿಸುತ್ತಾರೆ. ನೀವೇ ನಿಲ್ಲಿಸಬೇಡಿ ಅಷ್ಟೇ. ಎಷ್ಟೋ ಜನಕ್ಕೆ ಒಂದೇ ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ. ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ನೀನು ಊಟ ಬಿಡಬೇಡ, ನನಗೆ ಗೊತ್ತು ನೀನು ಬಿಟ್ಟಿರುತ್ತೀಯ.

ನೈಟ್ ಡ್ಯೂಟಿ ಇದೆ, ಬಸ್ಸಿಗೆ ಹೊತ್ತಾಯಿತು. ಟಿಕೆಟ್ ಬುಕ್ ಮಾಡಿದ ತಕ್ಷಣ ಸುಧಿ ಮೆಸೇಜ್ ಹಾಕಲಿ.

ನಿನ್ನ
ಪದ್ದಿ