ಇನ್ನು ಸರ್ವಿಸ್ ರಸ್ತೆಯ ಕಡೆ ನೋಡಿ

ಮಾನ್ಯ ಸಂಪಾದಕರೇ,

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥ ಹೆದ್ದಾರಿಯಿಂದಾಗಿ ಕಾಸರಗೋಡು ಪೇಟೆಯಲ್ಲಿ ದೂರದ ಲಾರಿ, ಟ್ಯಾಂಕರುಗಳು ಮೇಲ್ಸೇತುವೆ ಹತ್ತಿ ಹೋಗುತ್ತಿವೆ. ಅದು ದೊಡ್ಡ ನೆಮ್ಮದಿ. ಆದರೆ ಬಸ್ಸು, ಆಟೋ, ಸ್ಕೂಟರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಉಳಿದಿರುವುದು ಕೆಳಗಿನ ಸರ್ವಿಸ್ ರಸ್ತೆಯಲ್ಲೇ.

ಮೊದಲು ಬಸ್ಸು ನಿಲ್ಲುವ ಜಾಗ ಸರಿಯಾಗಬೇಕು. ಜಂಕ್ಷನ್‌ನ ಬಾಯಲ್ಲೇ ಬಸ್ಸು ನಿಂತರೆ ಇಳಿದವರು ಅದರ ಮುಂದಿನಿಂದಲೇ ರಸ್ತೆ ದಾಟುತ್ತಾರೆ. ಬಲಗಡೆಯಿಂದ ಓವರ್‌ಟೇಕ್ ಮಾಡುವವನಿಗೆ ಅವರು ಕಾಣುವುದು ಬಸ್ಸಿನ ಮೂಲೆ ದಾಟಿ ಒಂದು ಹೆಜ್ಜೆ ಹೊರಗಿಟ್ಟ ಮೇಲೆಯೇ. ಗಂಟೆಗೆ 40 ಕಿ.ಮೀ. ವೇಗದ ಕಾರು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ 11 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 9 ಮೀಟರ್ ಬೇಕು, ಮಳೆಯಲ್ಲಿ ಇನ್ನೂ ಹೆಚ್ಚು. ಅದೇ ಕಾರು 20ರಲ್ಲಿ ಬರುತ್ತಿದ್ದರೆ ಎಲ್ಲ ಸೇರಿ 8 ಮೀಟರಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಜಂಕ್ಷನ್ ದಾಟಿ 25–30 ಮೀಟರ್ ಆಚೆ ಬಸ್ಸು ನಿಲ್ಲಲಿ, ಝೀಬ್ರಾ ಪಟ್ಟಿ ಬಸ್ಸಿನ ಹಿಂದುಗಡೆ ಬರಲಿ. ಇದಕ್ಕೆ ಬೇಕಾದ್ದು ಬಣ್ಣ, ಎರಡು ಫಲಕ, ಮೊದಲ ಕೆಲವು ವಾರ ಒಬ್ಬ ಪೊಲೀಸ್, ಅಷ್ಟೇ.

ವೇಗ ತಗ್ಗಿಸುವ ಹಂಪ್‌ಗಳೂ ಕ್ರಮಬದ್ಧವಾಗಿರಬೇಕು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಹದವಾಗಿ ಹತ್ತಿ ಇಳಿಯಬಹುದು. ಕಿರಿದಾಗಿ, ಕಡಿದಾಗಿ ಹಾಕಿದರೆ ಸ್ಕೂಟರಿನವರು ಚರಂಡಿ ಅಂಚಿನ ಸಂದಿಗೆ ತಿರುಗಿಸುತ್ತಾರೆ, ಪಾದಚಾರಿ ನಡೆಯುವುದೂ ಅಲ್ಲೇ. ರಬ್ಬರ್ ಹಂಪ್ ಕಿತ್ತುಹೋದಲ್ಲಿ ಉಳಿಯುವ ಬೋಲ್ಟುಗಳನ್ನು ಅಂದೇ ತೆಗೆಯಬೇಕು.

ಹೆಚ್ಚಿನ ಕಡೆ ಚರಂಡಿಯ ಚಪ್ಪಡಿಯೇ ಫುಟ್‌ಪಾತು. ಒಂದು ಚಪ್ಪಡಿಯ ಮೂಲೆ ಎರಡು ಇಂಚು ಕುಸಿದರೆ ಸಾಕು, ಕೊಡೆ ಹಿಡಿದ ಅಜ್ಜಿ ರಸ್ತೆಗೇ ಇಳಿದು ನಡೆಯುತ್ತಾರೆ. ಅದರ ಮೇಲೆ ಬೈಕ್ ನಿಲ್ಲಿಸಿದರೂ ಅದೇ ಕಥೆ.

ರಾಂಗ್ ಸೈಡ್ ಓಡಾಟದ ಬಗ್ಗೆ ಬರೀ ದಂಡದ ಮಾತಾಡುವುದು ಸಾಲದು. ಅಂಡರ್‌ಪಾಸ್ ದೂರವಿದ್ದಲ್ಲಿ ಜನ ಎದುರು ದಿಕ್ಕಿನಲ್ಲಿ ಬರುತ್ತಾರೆ. ಒಳರಸ್ತೆಯಿಂದ ಬಂದು ಎಡಕ್ಕೆ ತಿರುಗುವವನು ಬಲಗಡೆ ಮಾತ್ರ ನೋಡುತ್ತಾನೆ, ಸ್ಕೂಟರ್ ಬರುವುದು ಎಡದಿಂದ. ಯಾವ ಭಾಗ ಏಕಮುಖ, ಯಾವುದು ದ್ವಿಮುಖ ಎಂದು ಪ್ರತಿ ಒಳರಸ್ತೆಯ ತುದಿಯಲ್ಲೂ ಬಾಣದ ಗುರುತಿನ ಫಲಕ ಬೇಕು. ದ್ವಿಮುಖವಾದಲ್ಲಿ ನಡುಗೆರೆ ಬೇಕು. ಈ ಫಲಕಗಳು ಮಲಯಾಳದ ಜೊತೆ ಕನ್ನಡದಲ್ಲೂ ಇರಲೇಬೇಕು. ಇಲ್ಲಿನ ಕನ್ನಡಿಗರ ಭಾಷಾ ಹಕ್ಕು ಅದು. ಜೊತೆಗೆ, ಮಂಗಳೂರಿನಿಂದ ಬರುವ ಚಾಲಕನಿಗೆ ತಿರುವಿನಲ್ಲಿ ಓದಲು ಸಿಗುವುದು ಎರಡೇ ಸೆಕೆಂಡು.

ಮೇಲ್ಸೇತುವೆ ಹತ್ತುವ ಬಾಯಿಗೆ ಅಡ್ಡವಾಗಿ ಕಾರು ನಿಲ್ಲಿಸುವವರಿಗೆ ಒಂದು ವಿನಂತಿ: ಮಂಗಳೂರಿನ ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸಿಗೂ ಅದೇ ದಾರಿ. ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ.

ನಗರಸಭೆ, ಪೊಲೀಸ್, ಹೆದ್ದಾರಿ ಪ್ರಾಧಿಕಾರದವರು ಒಂದು ಬೆಳಿಗ್ಗೆ ಎಂಟೂವರೆಗೆ, ಶಾಲೆಯ ಹೊತ್ತಿಗೇ, ಹೊಸ ಬಸ್‌ಸ್ಟ್ಯಾಂಡಿನಿಂದ ಕರಂದಕ್ಕಾಡಿನವರೆಗೆ ಒಟ್ಟಿಗೆ ನಡೆದು ನೋಡಲಿ. ಬಣ್ಣ ಹಿಡಿಯಬೇಕಾದರೆ ರಸ್ತೆ ಒಣಗಿರಬೇಕು. ಜೂನ್ ಮಳೆಗೆ ಮೊದಲೇ ಈ ಕೆಲಸ ಮುಗಿಯಲಿ.

– ನಿವೃತ್ತ ರಸ್ತೆ ಎಂಜಿನಿಯರ್, ಕಾಸರಗೋಡು