ಮಗಳಿಗೊಂದು ಪತ್ರ: ಖಾಲಿ ಸಂತೆಕಟ್ಟೆಯ ಊರಿನಿಂದ ಬಂದು

ಪುಟ್ಟಿ,

ಪಟ್ಟಣ ಬಿಟ್ಟು ಚಳ್ಳಕೆರೆಯಲ್ಲಿ ಕಂಬಳಿ ನೇಯ್ತೀನಿ ಅಂತೀಯಲ್ಲ, ಆ ಮಾತು ಫೋನಿನಲ್ಲಿ ಎತ್ತಿದರೆ ಮತ್ತೆ ಜಗಳವಾಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಈ ಕೊವೆಂಟ್ರಿಯ ಚಳಿ ನಿಮ್ಮಮ್ಮನಿಗೆ ಈಗ ಸ್ವಲ್ಪ ಒಗ್ಗಿದೆ. ಮೊನ್ನೆ ಶನಿವಾರ ನಿಮ್ಮಣ್ಣ ನಮ್ಮನ್ನು ಚಿಪ್ಪಿಂಗ್ ಕ್ಯಾಂಪ್ಡನ್ ಅನ್ನೋ ಊರಿಗೆ ಕರೆದುಕೊಂಡು ಹೋಗಿದ್ದ. ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಉತ್ತರದ ಅಂಚಿನಲ್ಲಿರುವ ಸಣ್ಣ ಪೇಟೆ. ಚಿಪ್ಪಿಂಗ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತೆಯಂತೆ. ಸಂತೆಬೆನ್ನೂರಿನವನಿಗೆ ಇನ್ನೇನು ಬೇಕು?

ಬೀದಿಯ ಎರಡೂ ಕಡೆ ಸುಣ್ಣಕಲ್ಲಿನ ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಬಿಸಿಲು ಬಿದ್ದರೆ ಹೊಸ ಬೆಲ್ಲದ ಬಣ್ಣ. ನಡುವೆ ಸಂತೆಕಟ್ಟೆ. ಬೆಣ್ಣೆ, ಚೀಸು, ಕೋಳಿ ಮಾರುವವರು ಮಳೆಯಲ್ಲಿ ನೆನೆಯಬಾರದು ಅಂತ 1627ರಲ್ಲಿ ಬ್ಯಾಪ್ಟಿಸ್ಟ್ ಹಿಕ್ಸ್ ಅನ್ನುವವನು ಕಟ್ಟಿಸಿದ್ದು. ಲಂಡನ್ನಿನಲ್ಲಿ ರೇಷ್ಮೆ ಮಾರಿ, ರಾಜನಿಗೇ ಸಾಲ ಕೊಟ್ಟ ಆಸಾಮಿ. ಬ್ಯಾಂಕಿನವನ ಕಣ್ಣಿಗೆ ಇಂಥವರೇ ಮೊದಲು ಬೀಳೋದು, ಏನು ಮಾಡಲಿ! ಸುತ್ತ ಕಮಾನುಗಳು, ತಲೆಮೇಲೆ ಕಲ್ಲಿನ ಹೆಂಚು, ಕಾಲಡಿ ಸವೆದು ಏರುಪೇರಾದ ಕಲ್ಲು. ಈಗ ಅಲ್ಲಿ ಸಂತೆಯಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡ ನಾಲ್ವರು ಬೂಟಿನ ದಾರ ಬಿಗಿಯುತ್ತ ಕೂತಿದ್ದರು. ಬಾತ್ ಊರಿನ ತನಕ 164 ಕಿ.ಮೀ. ಕಾಲುದಾರಿ ಅಲ್ಲೇ ಶುರುವಾಗುತ್ತೆ.

ಈ ಊರು ಎದ್ದಿದ್ದು ಕುರಿಯಿಂದ. ನಿನಗೆ ಬರೆಯಬೇಕು ಅನಿಸಿದ್ದೂ ಅದಕ್ಕೇ. ಇಲ್ಲಿನ ಉದ್ದ ಕೂದಲಿನ ಕುರಿಗೆ ‘ಕಾಟ್ಸ್‌ವೋಲ್ಡ್ ಸಿಂಹ’ ಅಂತಲೇ ಅಡ್ಡಹೆಸರು. 1401ರಲ್ಲಿ ತೀರಿಕೊಂಡ ವಿಲಿಯಂ ಗ್ರೆವೆಲ್ ಎಂಬ ವ್ಯಾಪಾರಿಯ ಮನೆ ಇನ್ನೂ ಬೀದಿಯಲ್ಲಿ ನಿಂತಿದೆ. ಚರ್ಚಿನೊಳಗೆ ಅವನ ಹಿತ್ತಾಳೆಯ ಫಲಕ. ಇಡೀ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳ ಹೂವು ಇವನು ಅಂತ ಲ್ಯಾಟಿನ್ನಿನಲ್ಲಿ ಬರೆಸಿದ್ದಾರೆ. ನಮ್ಮ ಕಡೆ ಕಂಬಳಿಯವರನ್ನು ಯಾರಾದರೂ ಹೂವು ಅಂದಿದ್ದು ಕೇಳಿದ್ದೀಯಾ? ಆದರೆ ಒಂದು ಗಮನಿಸು. ಹೂವಾದವನು ಕುರಿ ಕಾಯ್ದವನಲ್ಲ, ನೂಲು ತೆಗೆದವನೂ ಅಲ್ಲ. ಮಾರಿದವನು.

ಉಣ್ಣೆ ವ್ಯಾಪಾರ ಬಿದ್ದುಹೋಯಿತು, ಊರು ಹಾಗೇ ಉಳಿಯಿತು. ಕೆಡವಿ ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ ಅಂತ ನನ್ನ ಲೆಕ್ಕ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. 1902ರಲ್ಲಿ ಸಿ.ಆರ್. ಆಶ್‌ಬೀ ಎಂಬಾತ ಲಂಡನ್ನಿನಿಂದ ತನ್ನ ಕೈಕಸುಬಿನ ಸಂಘವನ್ನೇ ಎತ್ತಿಕೊಂಡು ಇಲ್ಲಿಗೆ ಬಂದ. ಬೆಳ್ಳಿ ಕೆಲಸದವರು, ಬಡಗಿಗಳು, ಕಮ್ಮಾರರು, ಹೆಂಡತಿ ಮಕ್ಕಳ ಸಮೇತ. ಹಳೆಯ ರೇಷ್ಮೆ ಗಿರಣಿಯಲ್ಲಿ ಕೆಲಸ ಶುರುವಾಯಿತು. ಥೇಟ್ ನಿನ್ನ ಹಾಗೆ: ಪಟ್ಟಣ ಸಾಕು, ಹಳ್ಳಿಯಲ್ಲಿ ಕೂತು ಕೈಯಾರೆ ಏನಾದರೂ ಮಾಡೋಣ. ಐದಾರು ವರ್ಷದಲ್ಲಿ ಸಂಘ ಮುಳುಗಿತು. ಮಾಲು ಚೆನ್ನಾಗಿಯೇ ಇತ್ತು. ಆದರೆ ಲಂಡನ್ನಿನಲ್ಲಾದರೆ, ಆರ್ಡರ್ ಇಲ್ಲದ ತಿಂಗಳು ಬೇರೆ ಕಡೆ ಕೂಲಿ ಸಿಗುತ್ತಿತ್ತು. ಇಲ್ಲಿ ಏನಿದೆ, ಕುರಿ ಮತ್ತು ಹೊಲ. ಸಾಲ ಕೇಳಿ ಬಂದವರಿಗೆ ಮೂವತ್ತು ವರ್ಷ ನಾನು ಹಾಕಿದ ಪ್ರಶ್ನೆ ಇದೇ ಅಲ್ವಾ: ಕೆಲಸ ಇಲ್ಲದ ತಿಂಗಳು ಏನು ಮಾಡ್ತೀರಿ?

ನೋಡಿದ್ಯಾ, ಅಂತ ನಿನಗೆ ಹೇಳೋಣ ಎಂದುಕೊಂಡೇ ಗಿರಣಿಯ ಮೆಟ್ಟಿಲು ಹತ್ತಿದೆ. ಮೇಲೆ ಕುಟ್ಟುವ ಸದ್ದು! ಆಶ್‌ಬೀ ಜೊತೆ ಕೆಲಸ ಮಾಡಿದ ಜಾರ್ಜ್ ಹಾರ್ಟ್ ಎಂಬಾತನ ಮನೆತನದವರು ಅದೇ ಗಿರಣಿಯಲ್ಲಿ ಇವತ್ತಿಗೂ ಬೆಳ್ಳಿ ಕೆಲಸ ಮಾಡುತ್ತಿದ್ದಾರೆ. ಬೆಂಚುಗಳೆಲ್ಲ ಹಳೆಯವು. ಚಾವಣಿಯಿಂದ ಹಳೇ ಬಿಲ್ಲುಗಳ ಗೊಂಚಲು ನೇತಾಡುತ್ತಿತ್ತು, ನಮ್ಮ ಕಿರಾಣಿ ಅಂಗಡಿಗಳಲ್ಲಿ ಚೀಟಿಗಳನ್ನು ತಂತಿಗೆ ಚುಚ್ಚುತ್ತಿದ್ದರಲ್ಲ, ಹಾಗೆ. ಕತ್ತು ನೋಯುವಷ್ಟು ಹೊತ್ತು ನೋಡಿದೆ. ನಿಮ್ಮಮ್ಮ ಬಂದು ಕೈಹಿಡಿದು ಎಳೆದಳು.

ಪಕ್ಕದ ಬ್ರಾಡ್ ಕ್ಯಾಂಪ್ಡನ್ನಿನಲ್ಲಿ ನಿನ್ನ ಮೆಚ್ಚಿನ ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ ಕೆಲವು ವರ್ಷ ಇದ್ದರು. ಸಿಂಹಳದ ಕಸುಬುಗಳ ಮೇಲಿನ ಅವರ ಪುಸ್ತಕ 1908ರಲ್ಲಿ ಅಚ್ಚಾಗಿದ್ದು ಅಲ್ಲೇ. ಸಂಜೆ ಊರ ಪಕ್ಕದ ಡೋವರ್ಸ್ ಹಿಲ್ ಅನ್ನೋ ಗುಡ್ಡ ಹತ್ತಿದೆವು. 1612ರ ಹೊತ್ತಿಗೆ ಶುರುವಾದ ಆಟಗಳು ಈಗಲೂ ವರ್ಷಕ್ಕೊಮ್ಮೆ ಅಲ್ಲಿ ನಡೆಯುತ್ತವಂತೆ. ಪ್ಯಾಂಟಿನೊಳಗೆ ಹುಲ್ಲು ತುರುಕಿಕೊಂಡು ಒಬ್ಬರ ಮೊಣಕಾಲ ಕೆಳಗೆ ಇನ್ನೊಬ್ಬರು ಒದೆಯೋದು ಅದರಲ್ಲೊಂದು ಆಟ. ನಿಮ್ಮಣ್ಣ, ನೀನು ಚಿಕ್ಕವರಿದ್ದಾಗ ದಿನಾ ಆಡ್ತಿದ್ರಿ, ಹುಲ್ಲಿಲ್ಲದೆ.

ಚಳ್ಳಕೆರೆಯಲ್ಲಿ ಷೆಡ್ಡಿಗೆ ಎಷ್ಟು ಬಾಡಿಗೆ ಹೇಳ್ತಾರೆ? ಮಗ್ಗಕ್ಕೆಷ್ಟು? ಒಂದು ಕಂಬಳಿಗೆ ಎಷ್ಟು ದಿನ ಹಿಡಿಯುತ್ತೆ, ಕೊಳ್ಳುವವರು ಯಾರು? ಬೇಸಿಗೆಯಲ್ಲಿ ಏನು ಮಾಡ್ತೀಯ? ಎಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸು, ನೋಡ್ತೀನಿ. ನಿಮ್ಮಮ್ಮನಿಗೆ ಸದ್ಯ ಏನೂ ಹೇಳಬೇಡ.

ನಿನ್ನ
ಅಪ್ಪ